ರಾತ್ರಿ ಪಿನ್‌ಹೋಲ್ ಚಿತ್ರ: ಮೂರು ನಿಮಿಷ ಸಾಲದು, ಹತ್ತೊಂಬತ್ತು ಬೇಕು

ಲೆನ್ಸ್ ಇಲ್ಲದೆ ಸೂಜಿಮೊನೆಯಷ್ಟು ತೂತಿನಿಂದಲೇ ಚಿತ್ರ ಮೂಡಿಸುವ ಪಿನ್‌ಹೋಲ್ ಕ್ಯಾಮೆರಾ ಅಂದರೆ ಶಾಲೆಯ ವಿಜ್ಞಾನ ಪ್ರದರ್ಶನ, ಮಧ್ಯಾಹ್ನದ ಬಿಸಿಲು ಎಂದೇ ಬಹಳ ಜನರ ಲೆಕ್ಕ. ರಾತ್ರಿಯೂ ತೆಗೆಯಬಹುದು. ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯ ಮೇಲೆ ಹಾಗೆ ತೆಗೆಯಲು ಹೋದವರ ರೋಲು ಖಾಲಿ ಬರುವುದನ್ನು ಸಾಕಷ್ಟು ನೋಡಿದ್ದೇನೆ. ಎಲ್ಲರದೂ ಒಂದೇ ಗಡಿಬಿಡಿ, ಬೇಗ ಮುಚ್ಚಿಬಿಡುವುದು.

ಕ್ಯಾಮೆರಾ: ಡಬ್ಬಿ, ಫೋಟೊ ಪೇಪರ್ ಹಗಲಿಗೆ ಇರಲಿ. ರಾತ್ರಿಗೆ ಪೇಪರ್ ತೀರಾ ಮಂದ, ಬೆಳಗಾದರೂ ಚಿತ್ರ ಮೂಡದು. ಬ್ಯಾಟರಿ ಇಲ್ಲದೆಯೂ ‘ಬಿ’ ಶಟರ್ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುವಂಥದ್ದು) ತೆರೆಯುವ, ಲೆನ್ಸ್ ಬಿಚ್ಚಬಹುದಾದ ಹಳೆಯ ಎಸ್‌ಎಲ್‌ಆರ್ ಫಿಲ್ಮ್ ಕ್ಯಾಮೆರಾ, ಅದನ್ನು ಮುಟ್ಟದೆ ಗುಂಡಿ ಒತ್ತುವ ಕೇಬಲ್ ರಿಲೀಸ್, 400 ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗದ ಅಂಕಿ) ಕಪ್ಪು-ಬಿಳುಪು ಫಿಲ್ಮ್ ಸಾಕು. ಅವಧಿ ಮುಗಿದ ಅಗ್ಗದ ರೋಲು ಬೇಡವೇ ಬೇಡ.

ತೂತು: ಲೆನ್ಸ್ ಜಾಗಕ್ಕೆ ಹಾಕುವ ಮುಚ್ಚಳ, ಅಂದರೆ ಬಾಡಿ ಕ್ಯಾಪ್‌ನ ನಡುವೆ ಡ್ರಿಲ್ ಹೊಡೆಸಿ. ತಂಪುಪಾನೀಯದ ಕ್ಯಾನಿನ ತುಂಡಿಗೆ ಸೂಜಿಯ ಮೊನೆಯಷ್ಟೇ ಒತ್ತಿ, ಉಬ್ಬನ್ನು 600 ನಂಬರಿನ ವಾಟರ್ ಪೇಪರ್‌ನಿಂದ ಉಜ್ಜಿ, ಕ್ಯಾಪ್‌ನ ಒಳಬದಿಗೆ ಅಂಟಿಸಿ. ಅಗಲ 0.3 ಮಿ.ಮೀ. ಇರಲಿ, ಸ್ಕ್ಯಾನರಿನಲ್ಲಿ 1200 ಡಿಪಿಐಗೆ ಇಟ್ಟು ನೋಡಿದರೆ 14 ಪಿಕ್ಸೆಲ್ ಬರಬೇಕು. ಆನ್‌ಲೈನ್‌ನಲ್ಲಿ ಸಿಗುವ, ದಪ್ಪ ಪ್ಲಾಸ್ಟಿಕ್ಕಿಗೇ ನೇರ ತೂತು ಕೊರೆದ ಕ್ಯಾಪ್‌ಗಳಿಗೆ ದುಡ್ಡು ಸುರಿಯಬೇಡಿ, ಚಿತ್ರದ ಮೂಲೆಗಳೆಲ್ಲ ಕಪ್ಪಾಗುತ್ತವೆ. ಕರೆಂಟಿನವರ ಇನ್ಸುಲೇಷನ್ ಟೇಪೂ ಬೇಡ. ನಮ್ಮ ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಕ್ಯಾಮೆರಾಕ್ಕೆಲ್ಲ ಮೆತ್ತುತ್ತದೆ.

ಚೌಕಟ್ಟು: ಕತ್ತಲಲ್ಲಿ ಪಿನ್‌ಹೋಲ್ ಮೂಲಕ ಏನೂ ಕಾಣದು. ಮೊದಲು 50 ಮಿ.ಮೀ. ಲೆನ್ಸ್ ಹಾಕಿ ನೋಡಿ, ಟ್ರೈಪಾಡ್ ಅಲುಗದಂತೆ ಲೆನ್ಸ್ ತೆಗೆದು ಕ್ಯಾಪ್ ಹಾಕಿ. ಎರಡರ ನೋಟವೂ ಹೆಚ್ಚುಕಡಿಮೆ ಒಂದೇ.

ಹೊತ್ತು: ಎಲ್ಲರೂ ಎಡವುವುದು ಇಲ್ಲೇ. ಮೊಬೈಲಿನ ಲೈಟ್ ಮೀಟರ್ ಆ್ಯಪನ್ನು 400 ಐಎಸ್‌ಒ, ಎಫ್16ಕ್ಕೆ ಇಡಿ (ಪಿನ್‌ಹೋಲಿನಲ್ಲಿ ಎಫ್ ಅಂದರೆ ತೂತಿನಿಂದ ಫಿಲ್ಮಿಗಿರುವ ದೂರವನ್ನು ತೂತಿನ ಅಗಲದಿಂದ ಭಾಗಿಸಿದ ಅಂಕಿ). ಬೀದಿದೀಪದ ಬೆಳಕಿಗೆ 2 ಸೆಕೆಂಡ್ ತೋರಿಸಿತು ಅನ್ನಿ. ತೂತಿನಿಂದ ಫಿಲ್ಮಿಗೆ ಸುಮಾರು 50 ಮಿ.ಮೀ., ತೂತು 0.3, ಅಂದರೆ ನಿಮ್ಮ ಕ್ಯಾಮೆರಾ ಎಫ್167. 167ನ್ನು 16ರಿಂದ ಭಾಗಿಸಿ ವರ್ಗ ಮಾಡಿದರೆ 109. ಎರಡು ಸೆಕೆಂಡಿಗೆ 109 ಪಟ್ಟು, 218 ಸೆಕೆಂಡ್. ಮೂರೂವರೆ ನಿಮಿಷ ಆಯಿತಲ್ಲ ಎಂದು ಜನ ಮುಚ್ಚಿ ಮನೆಗೆ ಹೋಗುತ್ತಾರೆ.

ಫಿಲ್ಮಿನ ಗುಣ ಬೇರೆ. ಬೆಳಕಿನ ಕಣಗಳು ಬಹಳ ಬಿಡಿಬಿಡಿಯಾಗಿ ಬಿದ್ದರೆ, ಬೆಳ್ಳಿಯ ಹರಳಿನಲ್ಲಿ ಮೊದಲು ಮೂಡಿದ ಗುರುತು ಮುಂದಿನದು ಬರುವಷ್ಟರಲ್ಲಿ ಅಳಿಸಿರುತ್ತದೆ. ಇದೇ ರೆಸಿಪ್ರಾಸಿಟಿ ಫೇಲ್ಯೂರ್. ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಕಂಪನಿಯೇ ಕೊಟ್ಟ ಸೂತ್ರವಿದೆ: ಲೆಕ್ಕದ ಸೆಕೆಂಡುಗಳನ್ನು 1.31ರ ಘಾತಕ್ಕೆ ಏರಿಸಿ. ಮೊಬೈಲ್ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಘಾತದ ಗುಂಡಿ ಸಿಗುತ್ತದೆ. 218 ಆಗುವುದು 1157; ಹತ್ತೊಂಬತ್ತು ನಿಮಿಷ ಚಿಲ್ಲರೆ! ಬೇರೆ ಫಿಲ್ಮಿಗೆ ಅದರದೇ ಅಂಕಿ ಹುಡುಕಿಕೊಳ್ಳಿ. ಅನುಮಾನ ಬಂದರೆ ಅರ್ಧ ಗಂಟೆ ಬಿಡಿ. ನೆಗೆಟಿವ್ ಹೆಚ್ಚು ಬೆಳಕನ್ನು ತಾಳಿಕೊಳ್ಳುತ್ತದೆ, ಕಡಿಮೆಯನ್ನಲ್ಲ.

ತೆರೆಯುವುದು: ಕ್ಯಾಪ್ ಮುಂದೆ ಕಪ್ಪು ರಟ್ಟು ಹಿಡಿದು ಶಟರ್ ತೆರೆಯಿರಿ, ಅದುರು ನಿಂತ ಮೇಲೆ ರಟ್ಟು ಸರಿಸಿ. ಆಟೊದ ಹೆಡ್‌ಲೈಟ್ ನೇರ ಮುಖಕ್ಕೆ ಬಂದರೆ ರಟ್ಟು ಮತ್ತೆ ಅಡ್ಡ, ಸ್ಟಾಪ್‌ವಾಚೂ ಬಂದ್. ಅಡ್ಡಡ್ಡ ಹಾಯುವ ಚಿಗರಿ ಬಸ್ಸಿಗೆ (ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸು) ಮುಚ್ಚಬೇಡಿ, ಅದರ ದೀಪಗಳು ಉದ್ದ ಗೆರೆಗಳಾಗಿ ಉಳಿಯುತ್ತವೆ. ವಾಕಿಂಗಿನವರು ಚಿತ್ರದಲ್ಲಿ ಕಾಣುವುದೇ ಇಲ್ಲ. ಹುಣ್ಣಿಮೆಯ ಚಂದ್ರ ಇಪ್ಪತ್ತು ನಿಮಿಷದಲ್ಲಿ ತನ್ನ ಅಗಲದ ಹತ್ತುಪಟ್ಟು ಸರಿದು ಪಟ್ಟಿಯಾಗುತ್ತಾನೆ. ಮೇಲ್ಸೇತುವೆಯ ಮೇಲೆ ಮಾತ್ರ ಟ್ರೈಪಾಡ್ ಹೂಡಬೇಡಿ, ಲಾರಿ ಹಾಯ್ದಾಗಲೆಲ್ಲ ನಡುಗುತ್ತದೆ. ಗದಗದ ಕಡೆಯವರು ಆಷಾಢದ ಗಾಳಿಗೆ ಟ್ರೈಪಾಡ್ ನಡುವೆ ಮರಳಿನ ಚೀಲ ತೂಗುಹಾಕಲಿ.

ಡೆವಲಪ್: ಲ್ಯಾಬಿಗೆ ಕೊಡುವವರು ರೋಲಿನ ಮೊದಲ ಚಿತ್ರವನ್ನು ಮಾಮೂಲಿ ಲೆನ್ಸಿನಲ್ಲಿ, ಹಗಲಲ್ಲೇ ತೆಗೆದಿರಿ. ರಾತ್ರಿಯ ಚಿತ್ರಗಳ ಅಂಚು ಕಣ್ಣಿಗೆ ಕಾಣುವುದಿಲ್ಲ. ಎಲ್ಲಿಂದ ಅಳೆಯಬೇಕೆಂದು ತಿಳಿಯದೆ ಅವರು ನಟ್ಟನಡುವೆ ಕತ್ತರಿ ಹಾಕುತ್ತಾರೆ.