ಕೆಸರು ದಾಟಿದ ಮೇಲೆ ಹೊತ್ತಿದ ಬ್ರೇಕ್ ದೀಪ: ನಾನು ಕಾರಣ ಹುಡುಕಿದ ಬಗೆ

ಅರ್ಧ ಚಕ್ರ ಮುಳುಗುವಷ್ಟು ಕೆಸರು ದಾಟಿ ಗಟ್ಟಿ ರಸ್ತೆ ಹತ್ತಿದ ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಎರಡು ದೀಪ ಒಟ್ಟಿಗೇ ಹೊತ್ತಿಕೊಂಡವು. ಒಂದು ಹಳದಿ ಎಬಿಎಸ್ ದೀಪ. ಇನ್ನೊಂದು, ವೃತ್ತದೊಳಗೆ ಆಶ್ಚರ್ಯಸೂಚಕ ಇರುವ ಕೆಂಪು ದೀಪ. ಹಳದಿ ಮಾತ್ರ ಹೊತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತಲೇ ಇರುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯಷ್ಟೇ ಇರುವುದಿಲ್ಲ. ಎಚ್ಚರದಿಂದ ಓಡಿಸಿಕೊಂಡು ಹೋಗಬಹುದು. ಕೆಂಪು ಹಾಗಲ್ಲ. ಬ್ರೇಕ್ ಆಯಿಲ್ ಇಳಿದಿದ್ದರೂ ಅದೇ ದೀಪ, ಹ್ಯಾಂಡ್‌ಬ್ರೇಕ್ ಸ್ವಿಚ್ ಕೈಕೊಟ್ಟಿದ್ದರೂ ಅದೇ ದೀಪ. ಯಾವುದೆಂದು ತಿಳಿಯುವವರೆಗೆ ಕಾರು ಮುಂದೆ ಹೋಗಬಾರದು. ಪಕ್ಕಕ್ಕೆ ಹಾಕಿ ನಿಲ್ಲಿಸಿದೆ.

ಮೊದಲು ಹ್ಯಾಂಡ್‌ಬ್ರೇಕನ್ನು ಪೂರ್ತಿ ಎಳೆದು ಪೂರ್ತಿ ಬಿಟ್ಟೆ. ದೀಪ ಆರಲಿಲ್ಲ. ಬಾನೆಟ್ ಎತ್ತಿ ಆಯಿಲ್ ಡಬ್ಬಿಯ ಹೊರಗಿನ ಕೆಸರು ಒರೆಸಿ ನೋಡಿದರೆ ಮಟ್ಟ ಎರಡು ಗೆರೆಗಳ ನಡುವೆಯೇ ಇತ್ತು. ಡಬ್ಬಿಯ ಹೊರಗಿನಿಂದಲೇ ಮಟ್ಟ ಕಾಣುವಾಗ ಅಂಥ ಜಾಗದಲ್ಲಿ ಮುಚ್ಚಳ ತೆಗೆಯಲೇಬಾರದು, ಒಂದು ಹನಿ ಕೆಸರುನೀರು ಒಳಗೆ ಬಿದ್ದರೂ ಇಡೀ ಆಯಿಲ್ ಹಾಳು. ಆಮೇಲೆ ಎಂಜಿನ್ ಚಾಲೂ ಇಟ್ಟುಕೊಂಡು ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಗಟ್ಟಿಯಾಗಿಯೇ ನಿಂತಿತು, ನಿಧಾನಕ್ಕೆ ಕೆಳಗಿಳಿಯಲಿಲ್ಲ. ಕೊನೆಗೆ ಬಗ್ಗಿ ನಾಲ್ಕೂ ಟಯರುಗಳ ಒಳಮೈ ನೋಡಿದೆ. ಕೆಸರು ನೀರಾಗಿ ಸುರಿದಿದ್ದರೆ ಅದು ಮಣ್ಣಿನ ಬಣ್ಣದ್ದು, ಒಣಗುತ್ತದೆ. ಬ್ರೇಕ್ ಆಯಿಲ್ ಸೋರಿದ್ದರೆ ಬೆರಳಿಗೆ ಜಾರುತ್ತದೆ, ಬೇಗ ಒಣಗುವುದಿಲ್ಲ. ಜಾರುವಂಥದ್ದು ಎಲ್ಲೂ ಸಿಗಲಿಲ್ಲ.

ಹಾಗಾದರೆ ಕೆಂಪು ದೀಪ ಏಕೆ? ಹಿಂದಿನ ಚಕ್ರಗಳಿಗೆ ಎಷ್ಟು ಒತ್ತಡ ಹೋಗಬೇಕೆಂದು ನೋಡಿಕೊಳ್ಳುವ ಇಬಿಡಿ ಕೂಡ ಎಬಿಎಸ್ ಕಂಟ್ರೋಲರಿನೊಳಗೇ ಕೂತಿರುತ್ತದೆ. ಚಕ್ರದ ವೇಗದ ಲೆಕ್ಕ ನಂಬಲಾಗದೆ ಕಂಟ್ರೋಲರ್ ಇಬಿಡಿಯನ್ನೂ ನಿಲ್ಲಿಸಿದರೆ, ಎರಡೂ ದೀಪ ಜೋಡಿಯಾಗಿ ಹೊತ್ತುತ್ತವೆ. ಇಬಿಡಿ ಇಲ್ಲದಾಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಕಾರು ತಿರುಗಿಬಿಡಬಹುದು. ಅದಕ್ಕೇ ನಿಧಾನವಾಗಿ, ಮುಂದಿನ ವಾಹನದಿಂದ ದೂರ ಇಟ್ಟುಕೊಂಡು ಮನೆಗೆ ತಂದೆ.

ದಾರಿಯಲ್ಲಿ ಇನ್ನೊಂದು ಸುಳಿವು ನೆನಪಾಯಿತು. ದೀಪ ಹೊತ್ತುವ ಮುಂಚೆ, ಕಾರು ಇನ್ನೇನು ನಿಲ್ಲಬೇಕು ಎನ್ನುವ ವೇಗದಲ್ಲಿ ಪೆಡಲ್ ಕಾಲಡಿಯಲ್ಲಿ ಕಟಕಟ ಎಂದು ನಡುಗಿತ್ತು. ಒಣ ರಸ್ತೆಯಲ್ಲಿ, ಅಷ್ಟು ಕಡಿಮೆ ವೇಗದಲ್ಲಿ ಎಬಿಎಸ್ ಎದ್ದು ಕೆಲಸ ಮಾಡಿತೆಂದರೆ, ಯಾವುದೋ ಒಂದು ಚಕ್ರ ನಿಂತುಹೋಗಿದೆ ಎಂಬ ಸುಳ್ಳು ಸುದ್ದಿ ಅದಕ್ಕೆ ತಲುಪಿದೆ ಎಂದೇ ಅರ್ಥ. ನನ್ನ ಸಂಶಯ ಆಗಲೇ ಚಕ್ರದ ವೇಗ ಅಳೆಯುವ ವೀಲ್ ಸ್ಪೀಡ್ ಸೆನ್ಸರಿನ ಮೇಲೆ ಬಿತ್ತು.

ಇಲ್ಲಿ ಕಾರಿನ ಕಂಟ್ರೋಲರುಗಳಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಬೇಕೇ ಬೇಕು, ಅದೂ ಎಬಿಎಸ್ ಕಂಟ್ರೋಲರನ್ನು ಓದಬಲ್ಲಂಥದ್ದು. ಎಂಜಿನ್ ಕೋಡುಗಳನ್ನಷ್ಟೇ ಓದುವ ಸಾಧಾರಣ ಸ್ಕ್ಯಾನರಿಗೆ ಸಿ ಅಕ್ಷರದಿಂದ ಶುರುವಾಗುವ ಚಾಸಿ ಕೋಡುಗಳು ಸಾಮಾನ್ಯವಾಗಿ ಕಾಣುವುದಿಲ್ಲ. ‘ದೋಷವಿಲ್ಲ’ ಎಂದು ತೋರಿಸಿ ದಾರಿ ತಪ್ಪಿಸುತ್ತದೆ. ನನಗೆ ಬಂದದ್ದು ಬಲ ಮುಂದಿನ ಚಕ್ರದ ಸಿಗ್ನಲ್ ಏರುಪೇರಾಗಿದೆ ಎಂಬ ಕೋಡ್. ‘ಸರ್ಕ್ಯೂಟ್ ಓಪನ್’ ಎಂದಿದ್ದರೆ ನೇರವಾಗಿ ವೈರು, ಕನೆಕ್ಟರು ನೋಡುತ್ತಿದ್ದೆ. ಏರುಪೇರು ಎಂದರೆ ಹೆಚ್ಚಾಗಿ ವೈರು ಜೀವಂತ ಇದೆ, ಓದುವುದರಲ್ಲಿ ತೊಡಕಿದೆ.

ಆದರೂ ಬರೀ ಕೋಡ್ ನಂಬಿ ಸೆನ್ಸರ್ ಕೊಳ್ಳಲು ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿದೆ, ಅವರು ಸ್ಕ್ಯಾನರಿನ ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದ ಅಂಕಿಗಳಲ್ಲಿ, ನಾಲ್ಕೂ ಚಕ್ರದ ವೇಗ ನೋಡುತ್ತಾ ಹೋದರು. ಮೂರು ಚಕ್ರ ಒಂದೇ ಸಮ 15 ಕಿ.ಮೀ. ತೋರಿಸುತ್ತಿದ್ದರೆ ಬಲ ಮುಂದಿನದು ಆಗಾಗ ಸೊನ್ನೆಗೆ ಬಿದ್ದು ಮತ್ತೆ ಮೇಲೇಳುತ್ತಿತ್ತು. ಕೋಡ್ ಹೇಳಿದ ಚಕ್ರವೇ ಅದು ಎನ್ನುವುದು ಆಗ ಖಾತ್ರಿಯಾಯಿತು.

ಜಾಕ್ ಏರಿಸಿ, ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿದೆ. ಒಳಗೆ ಅರೆ ಒಣಗಿದ ಕೆಸರು ಗಾರೆಯಂತೆ ಮೆತ್ತಿಕೊಂಡಿತ್ತು. ಸಾಧಾರಣ ಪೈಪಿನ ನೀರು ಬಿಟ್ಟು ನೆನೆಸಿ, ಪ್ಲಾಸ್ಟಿಕ್ ಬ್ರಷ್‌ನಿಂದ ತೆಗೆದೆ. ಪ್ರೆಶರ್ ವಾಷರನ್ನು ಇಲ್ಲಿಗೆ ಹತ್ತಿರವಿಟ್ಟು ಹೊಡೆದರೆ ನೀರು ಬೇರಿಂಗ್ ಸೀಲಿನೊಳಗೂ ಕನೆಕ್ಟರಿನೊಳಗೂ ನುಗ್ಗುತ್ತದೆ. ಸೆನ್ಸರಿನ ಒಂದೇ ಬೋಲ್ಟ್ ಬಿಚ್ಚಿ, ಎಳೆಯದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಾ ಹೊರತೆಗೆದೆ. ತುದಿಯಲ್ಲಿ ಕಪ್ಪು ಲೇಪ. ಬೆರಳಿನಿಂದ ಒತ್ತಿದರೆ ಸಣ್ಣ ಕಬ್ಬಿಣದ ಕಣಗಳು ಚುಚ್ಚುತ್ತಿದ್ದವು. ಬ್ರೇಕ್ ಡಿಸ್ಕ್ ಸವೆದ ಪುಡಿ, ಕೆಸರಿನಲ್ಲಿದ್ದ ಕಬ್ಬಿಣದಂಶ, ಎಲ್ಲವನ್ನೂ ಸೆನ್ಸರಿನೊಳಗಿನ ಅಯಸ್ಕಾಂತ ಎಳೆದುಕೊಂಡಿತ್ತು. ಬಟ್ಟೆಯಿಂದ ಒರೆಸಿದೆ. ಸೆನ್ಸರ್ ವೇಗ ಓದುವುದು ಎದುರಿನ ಹಲ್ಲುಚಕ್ರದಿಂದ. ಅದನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ಹಲ್ಲುಗಳ ಸಂದಿಯ ಮಣ್ಣನ್ನೂ ತೆಗೆದೆ, ಮುರಿದ ಹಲ್ಲಾಗಲಿ ಬಿರುಕಾಗಲಿ ಇರಲಿಲ್ಲ. ಅನೇಕ ಹೊಸ ಕಾರುಗಳಲ್ಲಿ ಹಲ್ಲಿನ ಬದಲು ಬೇರಿಂಗಿನ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಅದನ್ನು ಗೀರಬಾರದು, ಅದರ ಹತ್ತಿರ ಅಯಸ್ಕಾಂತ ತರಬಾರದು.

ಮಲ್ಟಿಮೀಟರಿನ ವಿಷಯ. ಹಳೆಯ ಎರಡು ವೈರಿನ ಕಾಯಿಲ್ ಸೆನ್ಸರಾದರೆ ಓಮ್, ಅಂದರೆ ವಿದ್ಯುತ್ ರೋಧ, ಅಳೆಯಬಹುದು, ಸಾಮಾನ್ಯವಾಗಿ 1000 ಓಮ್ ಆಸುಪಾಸಿನಲ್ಲಿ ಬರುತ್ತದೆ. ಹೊಸ ಆಕ್ಟಿವ್ ಸೆನ್ಸರಿಗೂ ಎರಡೇ ವೈರು, ಆದರೆ ಅದರೊಳಗೆ ಚಿಪ್ ಇದೆ, ಓಮ್ ಅಳತೆಯಿಂದ ಏನೂ ತಿಳಿಯದು, ಚಿಪ್ ಹಾಳಾಗಲೂಬಹುದು. ಯಾವ ಬಗೆಯದೆಂದು ಗೊತ್ತಿಲ್ಲದಿದ್ದರೆ ಲೈವ್ ಡೇಟಾವೇ ಸಾಕು.

ಕನೆಕ್ಟರ್ ಬಿಚ್ಚಿ ನೋಡಿದೆ, ಒಳಗೆ ತೇವವಾಗಲಿ ಹಸಿರು ಕಿಲುಬಾಗಲಿ ಇರಲಿಲ್ಲ. ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರು ಎಲ್ಲಾದರೂ ಉಜ್ಜುತ್ತದೆಯೇ ಎಂದು ನೋಡಿದೆ. ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಒಂದು ಕಲ್ಲು ಸಿಕ್ಕಿತ್ತು, ತೆಗೆದೆ. ಬ್ರೇಕ್ ಪ್ಯಾಡು ಇನ್ನೂ ದಪ್ಪಗಿತ್ತು. ಉಳಿದ ಮೂರು ಚಕ್ರಗಳನ್ನೂ ಹೀಗೆಯೇ ತೊಳೆದೆ.

ಕೋಡ್ ಅಳಿಸಿ ಇಗ್ನಿಷನ್ ಹಾಕಿದಾಗಲೂ ದೀಪ ಆರಲಿಲ್ಲ. ಅನೇಕ ಕಾರುಗಳಲ್ಲಿ ಚಕ್ರ ತಿರುಗಿ, ಕಂಟ್ರೋಲರಿಗೆ ನಾಲ್ಕೂ ಕಡೆಯಿಂದ ಸರಿಯಾದ ಸಿಗ್ನಲ್ ಸಿಕ್ಕ ಮೇಲಷ್ಟೇ ಅದು ಆರುವುದು. ಸ್ವಲ್ಪ ವೇಗ ಹಿಡಿಯುತ್ತಿದ್ದಂತೆ ಎರಡೂ ಆರಿದವು. ಖಾಲಿ ರಸ್ತೆಯಲ್ಲಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಬ್ರೇಕ್ ಹಾಕಿ ನೋಡಿದೆ. ಜೋರಾಗಿ ಒತ್ತಿದಾಗ ಎಬಿಎಸ್ ಸರಿಯಾಗಿ ಕಂಪಿಸಿತು, ಮೆಲ್ಲಗೆ ನಿಲ್ಲಿಸುವಾಗ ಪೆಡಲ್ ನಡುಗಲಿಲ್ಲ, ಲೈವ್ ಡೇಟಾದಲ್ಲಿ ನಾಲ್ಕೂ ಅಂಕಿ ಒಟ್ಟಿಗೇ ಸೊನ್ನೆಗೆ ಇಳಿದವು.