ಪೇಟೆಂಟ್ ಕೇಸು ಸೋತ ಸುದ್ದಿ ಬಂದರೆ, ಶೇರು ಮಾರುವ ಮೊದಲು

ಅಂಗಳದಲ್ಲಿ ಅಡಿಕೆ ಹರಡುತ್ತಿದ್ದೆ, ಬೆಂಗಳೂರಿನಿಂದ ಅಣ್ಣನ ಮಗನ ಫೋನು. "ಅತ್ತೆ, ನಮ್ಮ ಕಂಪನಿ ಅಮೆರಿಕದಲ್ಲಿ ಪೇಟೆಂಟ್ ಕೇಸು ಸೋತಿದೆ. ನನಗೆ ಕೊಟ್ಟ ಶೇರು ಮಾರಿಬಿಡ್ಲಾ?" ಬದಿಯಡ್ಕದ ಸೊಸೈಟಿಯೊಂದರಲ್ಲಿ 28 ವರ್ಷ ಲೆಕ್ಕ ಬರೆದವಳು ನಾನು. ಹಾಗಾಗಿ ದುಡ್ಡಿನ ವಿಷಯ ಬಂದರೆ ಮನೆಯವರೆಲ್ಲ ನನ್ನನ್ನೇ ಕೇಳುವುದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಯಾವ ಕೋರ್ಟಿನ ತೀರ್ಪು ಅಂತ ನೋಡಿ. ಅಲ್ಲಿ ಕೆಳಗಿನ ಕೋರ್ಟಿನ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ತಂಡ, ದೊಡ್ಡ ಮೊತ್ತ ಹೇಳಿಬಿಡುತ್ತದೆ. ಪೇಟೆಂಟ್ ಅಪೀಲು ಹೋಗುವುದು ವಾಷಿಂಗ್ಟನ್ನಿನ ಫೆಡರಲ್ ಸರ್ಕ್ಯೂಟ್ ಕೋರ್ಟಿಗೆ. 2021ರಲ್ಲಿ ಚಿಪ್ ಕಂಪನಿ ಇಂಟೆಲ್ ಮೇಲೆ, ಎರಡು ಪೇಟೆಂಟಿಗೆ ಸೇರಿ, ಸುಮಾರು 218 ಕೋಟಿ ಡಾಲರ್ ಬಿತ್ತು. 2023ರ ಡಿಸೆಂಬರಿನಲ್ಲಿ, ಅಪೀಲಿನಲ್ಲಿ, ಒಂದು ಪೇಟೆಂಟಿನ ತೀರ್ಪು ಪೂರ್ತಿ ಬಿದ್ದುಹೋಯಿತು. ಇನ್ನೊಂದರ ಮೊತ್ತ ಮತ್ತೆ ಲೆಕ್ಕ ಹಾಕಿ ಅಂತ ಕೆಳಗೆ ವಾಪಸು ಬಂತು.

ಆಮೇಲೆ ಆ ವಸ್ತುವನ್ನು ಇನ್ನು ಮಾಡಬಾರದು, ಮಾರಬಾರದು ಅನ್ನುವ ತಡೆಯಾಜ್ಞೆ ಇದೆಯಾ ಹುಡುಕಿ. ನನ್ನ ಪ್ರಕಾರ ದೊಡ್ಡ ಹೊಡೆತ ಇದೇ. ನಮ್ಮ ತೋಟಕ್ಕೆ ನೀರು ಬರುವ ತೋಡಿಗೆ ಪಕ್ಕದವರು ಸ್ಟೇ ತಂದಿದ್ದರು. ವಕೀಲರ ಫೀಸು ಹೇಗೋ ಕೊಟ್ಟೆವು. ಆ ಬೇಸಿಗೆಯಲ್ಲಿ ಒಣಗಿದ ಕಂಗು ಮಾತ್ರ ಮತ್ತೆ ಚಿಗುರಲಿಲ್ಲ. ಪೋಲರಾಯ್ಡ್ ಹೂಡಿದ ಕೇಸಿನಲ್ಲಿ ಸೋತ ಕೊಡಾಕ್ 1986ರ ಜನವರಿಯಲ್ಲಿ ಇನ್‌ಸ್ಟಂಟ್ ಕ್ಯಾಮೆರಾ ವ್ಯಾಪಾರವನ್ನೇ ಮುಚ್ಚಬೇಕಾಯಿತು. 92.5 ಕೋಟಿ ಡಾಲರ್ ಕೊಟ್ಟದ್ದು ಐದು ವರ್ಷ ಕಳೆದು, 1991ರಲ್ಲಿ.

ಸಣ್ಣ ಕಂಪನಿಯಾಗಿದ್ದು, ಕೇಸೇ ಅದರ ಬಂಡವಾಳವಾಗಿದ್ದರೆ ಜಾಸ್ತಿ ಹುಷಾರು. ಪಾರ್ಕರ್‌ವಿಷನ್ ಅನ್ನುವ ಸಣ್ಣ ಕಂಪನಿ 2013ರಲ್ಲಿ ಚಿಪ್ ಕಂಪನಿ ಕ್ವಾಲ್‌ಕಾಮ್ ವಿರುದ್ಧ ಸುಮಾರು 17 ಕೋಟಿ ಡಾಲರ್ ಗೆದ್ದಿತ್ತು. ಮರುವರ್ಷ ಜಡ್ಜ್ ರದ್ದು ಮಾಡಿದರು. ಶೇರು ಕುಸಿಯಿತು.

ಈಗ ಲೆಕ್ಕ. ವಾರ್ಷಿಕ ವರದಿಯ ಮುಂದಿನ ಬಣ್ಣದ ಪುಟಗಳನ್ನು ಬಿಡಿ, ಅವು ಸುಮ್ನೆ ಚಂದಕ್ಕೆ. ಹಿಂದಿನ ಟಿಪ್ಪಣಿಗಳಲ್ಲಿ 'ಕಂಟಿಂಜೆನ್ಸೀಸ್' (ಮುಂದೆ ಬರಬಹುದಾದ ಹೊಣೆಗಳು) ಅನ್ನುವ ಭಾಗ ಹುಡುಕಿ. ಸೋಲುವ ಸಂಭವವೇ ಹೆಚ್ಚು, ಮೊತ್ತವೂ ಅಂದಾಜಾಗುತ್ತದೆ ಅಂತಾದರೆ ಕಂಪನಿ ಅದನ್ನು ಮೊದಲೇ ಲಾಭದಲ್ಲಿ ಕಳೆದಿಡಬೇಕು. ಹಾಗೆ ಕಳೆದಿಟ್ಟಿದ್ದರೆ ಹೊಸ ಪೆಟ್ಟು ಕಡಿಮೆ. ಬರೀ ಟಿಪ್ಪಣಿ ಹಾಕಿ ಬಿಟ್ಟಿದ್ದರೆ, ತೀರ್ಪಿನ ಮೊತ್ತವನ್ನು ಒಂದು ವರ್ಷದ ಲಾಭದ ಪಕ್ಕ ಬರೆದು ನೋಡಿ. ಕೈಯಲ್ಲಿರುವ ನಗದನ್ನೂ ಬರೆಯಿರಿ.

ಮೊನ್ನೆ ಹುಡುಗ ಆ ಪುಟದ ಫೋಟೋ ಕಳಿಸಿದ. ಕನ್ನಡಕ ಹಾಕಿ ಓದಿದೆ. ತಡೆಯಾಜ್ಞೆ ಇಲ್ಲ, ಅಪೀಲು ಹಾಕಿದ್ದಾರೆ, ಮೊತ್ತ ಎರಡು ತಿಂಗಳ ಲಾಭಕ್ಕಿಂತ ಕಡಿಮೆ. ಅಷ್ಟನ್ನೇ ಹೇಳಿದೆ. ಅರ್ಧ ಮಾರಿದನಂತೆ, ಮನೆ ಸಾಲದ ಕಂತು ಇದೆಯಲ್ವಾ.