ಪಿನ್ ಕೂತಿತು ಅಂದ ಮಾತ್ರಕ್ಕೆ ಅಡಾಪ್ಟರ್ ಸರಿಯಲ್ಲ

ಸಂಗೀತದ ಕೀಬೋರ್ಡಿನ ಅಡಾಪ್ಟರ್ ಕಾಣದಿದ್ದಾಗ ವೈಫೈ ರೌಟರಿನದನ್ನು ಕಿತ್ತು ಚುಚ್ಚುವವರಿದ್ದಾರೆ. ಪಿನ್ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. 5.5 ಮಿ.ಮೀ. ದಪ್ಪದ ಅದೇ ದುಂಡು ಪಿನ್ನು 5 ವೋಲ್ಟಿಗೂ ಇದೆ, 9ಕ್ಕೂ ಇದೆ, 12ಕ್ಕೂ ಇದೆ.

ಮೊದಲು ವಾದ್ಯದ ಹಿಂಬದಿಯಲ್ಲಿ, ಪವರ್ ಜ್ಯಾಕಿನ ಪಕ್ಕದ ಬರಹ ಓದಿ. ಯಮಾಹಾದ ಮನೆಬಳಕೆಯ ಹಲವು ಕೀಬೋರ್ಡುಗಳು 12 ವೋಲ್ಟಿನವು. ಗಿಟಾರಿನ ಸದ್ದು ಬದಲಿಸುವ ಪೆಡಲುಗಳು ಹೆಚ್ಚಾಗಿ 9ರವು. ವೋಲ್ಟ್ ಹೊಂದಲೇಬೇಕು. ಆಂಪಿಯರ್ ಮಾತ್ರ ಹೆಚ್ಚಿದ್ದರೆ ಅಡ್ಡಿಯಿಲ್ಲ: 700 ಮಿಲಿಆಂಪ್ ಬೇಕಾದ ಕೀಬೋರ್ಡು 2 ಆಂಪಿನ ಅಡಾಪ್ಟರಿನಿಂದಲೂ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಕಡಿಮೆಯಿದ್ದರೆ ಅಡಾಪ್ಟರ್ ಬಿಸಿಯಾಗುತ್ತದೆ, ವಾಲ್ಯೂಮ್ ಏರಿಸಿದಾಗ ಕೀಬೋರ್ಡು ತಾನಾಗಿಯೇ ಆರಿಹೋಗಬಹುದು.

ಆಮೇಲೆ ಪ್ಲಸ್ ಯಾವ ಕಡೆ ಅನ್ನುವುದು. ನಡುವೆ ಚುಕ್ಕೆ, ಸುತ್ತ ಅರೆಬಳೆಯಂಥ ಗೆರೆ ಇರುವ ಪುಟ್ಟ ಚಿತ್ರ ನೋಡಿ. ಚುಕ್ಕೆಗೆ ಸೇರಿದ ಚಿಹ್ನೆಯೇ ಪಿನ್ನಿನ ಒಳಭಾಗದ್ದು. ರೌಟರ್ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಒಳಗೆ ಪ್ಲಸ್. ಬಾಸ್ ಕಂಪನಿಯದೂ ಸೇರಿ ಬಹುಪಾಲು ಪೆಡಲುಗಳಿಗೆ ಒಳಗೆ ಮೈನಸ್ ಬೇಕು. ಉಲ್ಟಾ ಕೊಟ್ಟಾಗ ರಕ್ಷಣೆಗಿಟ್ಟ ಡಯೋಡ್ ಒಂದೇ ಸುಟ್ಟಿದ್ದರೆ ಅದೃಷ್ಟ, ಕೆಲವೇ ರೂಪಾಯಿಯ ಬಿಡಿಭಾಗ ಅದು. ಡಯೋಡೇ ಇಲ್ಲದಿದ್ದರೆ ಒಳಗಿನ ಐಸಿಗಳು, ಅಂದರೆ ಚಿಪ್ಪುಗಳು, ಹೋಗುತ್ತವೆ.

ಬರಹವನ್ನೂ ಪೂರ್ತಿ ನಂಬಬೇಡಿ. ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗಿಟ್ಟು ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೆ, ಕಪ್ಪನ್ನು ಹೊರಮೈಗೆ ತಾಗಿಸಿ. ಎರಡೂ ಒಂದಕ್ಕೊಂದು ಮುಟ್ಟಬಾರದು. ಅಂಕಿಯ ಮುಂದೆ ಮೈನಸ್ ಬಂದರೆ ಒಳಗಿರುವುದು ಮೈನಸ್. ಹಳೆಯ ಕಾಲದ ಭಾರವಾದ ಅಡಾಪ್ಟರಿನ ಮೇಲೆ 9 ಎಂದಿದ್ದರೂ, ಏನನ್ನೂ ಜೋಡಿಸದಿದ್ದಾಗ ಮೀಟರ್ 12–13 ತೋರಿಸೀತು. ಹತ್ತಿಪ್ಪತ್ತು ಮಿಲಿಆಂಪ್ ಎಳೆಯುವ ಪೆಡಲಿಗೆ ಆ ವೋಲ್ಟೇಜ್ ಅಷ್ಟೇನೂ ಇಳಿಯುವುದಿಲ್ಲ, ಅದಕ್ಕೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ರೆಗ್ಯುಲೇಟೆಡ್ ಅಡಾಪ್ಟರೇ ಬೇಕು. ಮೀಟರ್ ಸೊನ್ನೆ ತೋರಿಸಿದರೆ ಔಟ್‌ಪುಟ್ ಎಸಿ ಇದೆಯೇ ನೋಡಿ. ಕೆಲವು ಎಫೆಕ್ಟ್ ಯಂತ್ರಗಳು 9 ವೋಲ್ಟ್ ಎಸಿಯಲ್ಲೇ ನಡೆಯುತ್ತವೆ.

ಒಂದೇ ಅಡಾಪ್ಟರಿಗೆ ಐದಾರು ಪೆಡಲ್ ಕಟ್ಟುವುದಾದರೆ ಎಲ್ಲದರ ಮಿಲಿಆಂಪ್ ಕೂಡಿಸಿ. ಡಿಜಿಟಲ್ ಪೆಡಲ್ ಸೇರಿದರೆ ಕೀರಲು ಸದ್ದು ಬರುವುದುಂಟು. ಅದೊಂದಕ್ಕೆ ಬೇರೆ ಅಡಾಪ್ಟರ್ ಕೊಡಿ.

ಅಮೆರಿಕದಿಂದ ತಂದ ಸಾಮಾನಾದರೆ ಇನ್‌ಪುಟ್ ಕಡೆಯನ್ನೂ ಓದಬೇಕು. 100–240 ಎಂದಿದ್ದರೆ ನಿಶ್ಚಿಂತೆ. ಬರೀ 120 ಎಂದಿದ್ದರೆ ನಮ್ಮ 230ಕ್ಕೆ ಹಾಕಬೇಡಿ. ಟ್ರಾವೆಲ್ ಪ್ಲಗ್ ಪಿನ್ನಿನ ಆಕಾರ ಬದಲಿಸುತ್ತದೆ, ವೋಲ್ಟೇಜನ್ನಲ್ಲ. ಅಡಾಪ್ಟರಾದರೆ ಇಲ್ಲಿನದೇ ಕೊಳ್ಳಿ. ಆಂಪ್ಲಿಫಯರಿಗೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು: ಹಿಂಬದಿಯಲ್ಲಿ 200 ವಾಟ್ ಎಂದಿದ್ದರೆ 300 ವಿಎಯದು (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯದ ಅಳತೆ), ಅರ್ತ್ ಪಿನ್ ಇರುವುದು.